ಕೈ ಎತ್ತಿದರೆ ಔಟು

ನಾನು ರಗ್ಬಿ ಆಡಿದವಳಲ್ಲ, ಆಡಿಸಿದವಳು. ಅದೂ ಏನು ಆಡಿಸುತ್ತಿದ್ದೇನೆಂದು ಪೂರ್ತಿ ಗೊತ್ತಿಲ್ಲದೆ ಆಡಿಸಿದವಳು. ತುಮಕೂರಿನ ಒಂದು ಮಹಿಳಾ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ ಆಗಿದ್ದೆ. ಮೊಣಕಾಲು ಕೈಕೊಟ್ಟಿದ್ದರಿಂದ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡೆ. ಸೀಟಿ ಈಗ ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಜರಡಿಯ ಪಕ್ಕ ನೇತಾಡುತ್ತಿದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಮಿಸ್, ಅಷ್ಟು ವರ್ಷ ನಿಮ್ಮ ಟೀಮು ಜಿಲ್ಲೆಯಲ್ಲಿ ಸೋಲಲೇ ಇಲ್ಲವಲ್ಲ, ಏನು ಗುಟ್ಟು ಎಂದು ಕೇಳುತ್ತಾರೆ. ನನಗೂ ಗೊತ್ತಿಲ್ಲಮ್ಮ ಎಂದರೆ ಇವರು ದೊಡ್ಡತನಕ್ಕೆ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಓದಿದವರಿಗೆ ಏನಾದರೂ ತಿಳಿದರೆ ನನಗೂ ಒಂದು ಮಾತು ಹೇಳಿ.

ರಗ್ಬಿ ನಮ್ಮ ಕಾಲೇಜಿಗೆ ಬಂದದ್ದು ಒಂದು ಸುತ್ತೋಲೆಯ ಬೆನ್ನು ಹಿಡಿದು. ಪ್ರಿನ್ಸಿಪಾಲರು ಅರ್ಥಶಾಸ್ತ್ರದವರು, ಎಲ್ಲದರಲ್ಲೂ ಲೆಕ್ಕಾಚಾರ. ನನ್ನನ್ನು ಕರೆದು, ಯಾವ ಆಟಕ್ಕೆ ಯಾರೂ ಟೀಮು ಕಳಿಸುವುದಿಲ್ಲವೋ ಅದಕ್ಕೆ ನಾವು ಕಳಿಸೋಣ, ಮೂರೇ ಟೀಮು ಬಂದರೆ ಮೂರನೇ ಬಹುಮಾನ ಎಲ್ಲಿ ಹೋಗುತ್ತದೆ ಎಂದರು. ನಾನು ಸಿ.ಎಸ್. ಪುರದವಳು, ಕಬಡ್ಡಿ ಆಡಿ ಬೆಳೆದವಳು. ರಗ್ಬಿಯ ಚೆಂಡು ದುಂಡಗಿರುತ್ತದೋ ಇಲ್ಲವೋ ಅನ್ನುವುದೂ ನನಗೆ ತಿಳಿದಿರಲಿಲ್ಲ. ಆಗಲಿ ಸಾರ್ ಎಂದೆ. ನೌಕರಿಯಲ್ಲಿ ಮೊದಲು ಬರುವ ಮಾತು ಅದೇ.

ಚೆಂಡು ಬಂದ ದಿನ ನಿಟ್ಟೂರು ಕಡೆಯ ಒಬ್ಬಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಮಿಸ್, ಸುಲಿಯದ ಕಾಯಿ ಥರ ಐತಲ್ಲ" ಎಂದಳು. ತೋಟದ ಮನೆಯ ಹುಡುಗಿಯರೆಲ್ಲ ಕಾಯಿ ಎಸೆದು ರಾಶಿ ಹಾಕಿ ರೂಢಿಯಿದ್ದವರು. ಒಬ್ಬರಿಗೊಬ್ಬರು ಎಸೆದುಕೊಳ್ಳುವುದು ಅವತ್ತೇ ಬಂತು. ನೆಲಕ್ಕೆ ಬಿದ್ದರೆ ಮಾತ್ರ ಅದು ನಾವು ಅಂದುಕೊಂಡ ಕಡೆ ಬಿಟ್ಟು ಇನ್ನೊಂದು ಕಡೆ ಹಾರುತ್ತಿತ್ತು. ಇಷ್ಟು ವರ್ಷವಾದರೂ ಅದು ಯಾವ ಕಡೆ ಹಾರುತ್ತದೆಂದು ನಾನು ಒಂದು ಸಲವೂ ಸರಿಯಾಗಿ ಹೇಳಿದವಳಲ್ಲ.

ಮೊದಲ ಪಂದ್ಯಕ್ಕೆ ಬೆಂಗಳೂರಿಗೆ ಹೋದೆವು. ಏಳೇಳು ಜನರ ಆಟ. ರೆಫರಿ ಸೀಟಿ ಊದಿದಾಗಲೆಲ್ಲ ನಮಗೆ ಪಾಯಿಂಟ್ ಬಂತೆಂದು ನಾನು ಚಪ್ಪಾಳೆ ತಟ್ಟಿದೆ. ನಾನು ತಟ್ಟಿದ್ದು ನೋಡಿ ಹೊರಗೆ ಕುಳಿತಿದ್ದ ಹುಡುಗಿಯರೂ ತಟ್ಟಿದರು. ಅರ್ಧ ಆಟವಾದ ಮೇಲೆ ಎದುರು ಟೀಮಿನ ಮೇಡಂ ಹತ್ತಿರ ಬಂದು, ಅದು ತಪ್ಪಿಗೆ ಊದುವ ಸೀಟಿ, ಈ ಆಟದಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೇ ಎಸೆಯಬೇಕು ಎಂದು ಮೆತ್ತಗೆ ತಿಳಿಸಿದರು. ಮುಂದೆ ಹೋಗಲು ಹಿಂದಕ್ಕೆ ಎಸೆಯುವುದು ಯಾಕೆ ಎಂದು ಬಸ್ಸಿನಲ್ಲಿ ಹುಡುಗಿಯರು ದಾಬಸ್‌ಪೇಟೆವರೆಗೂ ಜಗಳವಾಡಿದರು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ, ನನ್ನನ್ನು ಕೇಳದಿರಲಿ ಅಂತ.

ಆದರೆ ಒಂದು ವಿಚಿತ್ರ ಅವತ್ತೇ ಕಂಡಿತ್ತು. ಚೆಂಡು ನಮ್ಮ ಕೈಯಲ್ಲಿದ್ದಾಗ ನಾವು ದಡ್ಡರು. ಎದುರಿನವರ ಕೈಗೆ ಹೋಯಿತೋ, ಒಬ್ಬಳಿಗೂ ನಮ್ಮವರನ್ನು ದಾಟಿ ಹೋಗಲಾಗಲಿಲ್ಲ. ಕಬಡ್ಡಿಯಲ್ಲಿ ಪಾದ ಹಿಡಿದು ಎಳೆಯುವುದು, ಇಬ್ಬರು ಕೈ ಕೈ ಹಿಡಿದು ಸೊಂಟಕ್ಕೆ ಬೀಳುವುದು ಇವರಿಗೆ ಉಸಿರಾಟದಷ್ಟು ಸಲೀಸು. ಬೆಂಗಳೂರಿನ ಹುಡುಗಿಯರು ಬಿದ್ದಲ್ಲೇ ಕುಳಿತು, ಇವರು ಎಲ್ಲಿಂದ ಬಂದರು ಎಂದು ನೋಡುತ್ತಿದ್ದರು. ಮಾರನೇ ವರ್ಷ ಹಿಂದಕ್ಕೆ ಎಸೆಯುವುದೂ ಬಂತು. ಅಲ್ಲಿಂದ ಮುಂದೆ ಗೆದ್ದೆವು, ಗೆಲ್ಲುತ್ತಲೇ ಇದ್ದೆವು. ಪ್ರಿನ್ಸಿಪಾಲರ ಕೋಣೆಯಲ್ಲಿ ಕಪ್‌ಗಳಿಗೆ ಜಾಗ ಮಾಡಲು ಅರ್ಥಶಾಸ್ತ್ರದ ಪುಸ್ತಕಗಳನ್ನು ಲೈಬ್ರರಿಗೆ ಕಳಿಸಿದರು.

ಈ ಕೆಲಸ ಅಂದರೆ ಆಟ ಕಲಿಸುವುದು ಎಂದು ಹೊಸಬರು ತಿಳಿಯುತ್ತಾರೆ. ನನ್ನ ದಿನದಲ್ಲಿ ಮುಕ್ಕಾಲು ಪಾಲು ಬೇರೆಯೇ ಇರುತ್ತಿತ್ತು. ಉಗುರು ಕತ್ತರಿಸಿದ್ದಾರಾ ನೋಡುವುದು. ಗಾಜಿನ ಬಳೆ ಬಿಚ್ಚಿಸಿ ನನ್ನ ಹಳೆಯದೊಂದು ಊಟದ ಡಬ್ಬಿಗೆ ಹಾಕಿಡುವುದು, ಆಮೇಲೆ ಯಾರದ್ದು ಯಾವುದೆಂದು ನಡೆಯುವ ಪಂಚಾಯ್ತಿ. ಬಿಚ್ಚಲಾಗದ ಮೂಗುತಿಗೆ ಪ್ಲಾಸ್ಟರ್ ಅಂಟಿಸುವುದು. ಒಂದು ವರ್ಷ ಚೆಂಡು ಎಲ್ಲರ ಕೈಯಿಂದಲೂ ಜಾರುತ್ತಿತ್ತು. ಕೈಯ ಅಭ್ಯಾಸ ಸಾಲದೆಂದು ಒಂದು ವಾರ ಗೋಳು ಹೊಯ್ದುಕೊಂಡೆ. ಕೊನೆಗೆ ನೋಡಿದರೆ ಕೊಬ್ಬರಿ ಎಣ್ಣೆ. ಮನೆಯಲ್ಲಿ ತಾಯಂದಿರು ತಲೆಗೆ ಹಚ್ಚಿ ಜಡೆ ಹಾಕಿ ಕಳಿಸುತ್ತಿದ್ದರು, ಎಣ್ಣೆಯೆಲ್ಲ ಚೆಂಡಿಗೆ ಬರುತ್ತಿತ್ತು. ಮ್ಯಾಚಿನ ದಿನ ಎಣ್ಣೆ ಹಚ್ಚಬೇಡಿ ಎಂದು ಮನೆಮನೆಗೆ ಹೇಳಿ ಕಳಿಸಿದೆ. ಒಬ್ಬಳ ಅಜ್ಜಿ ಮಾತ್ರ, ಮೇಷ್ಟ್ರಮ್ಮನಿಗೆ ತಲೆ ಕಾದಿದೆ, ಅವಳಿಗೇ ಎಣ್ಣೆ ಬೇಕು ಎಂದು ಒಂದು ಸೀಸೆ ಕಳಿಸಿಕೊಟ್ಟರು. ಒಳ್ಳೆಯ ಎಣ್ಣೆ.

ಈಗ ಕೈ ಎತ್ತುವ ವಿಷಯಕ್ಕೆ ಬರುತ್ತೇನೆ. ಆಮೇಲಿನ ತಲೆನೋವೆಲ್ಲ ಅಲ್ಲಿಂದಲೇ ಶುರು.

ಸಂಜೆ ಕಾಲೇಜಿನ ಹಿಂದಿನ ಮೈದಾನದಲ್ಲಿ ಎರಡು ಗುಂಪು ಮಾಡಿ ಆಡಿಸುತ್ತಿದ್ದೆ. ಸೀಟಿ ನನ್ನ ಬಾಯಲ್ಲಿ. ಯಾವಾಗ ಊದಬೇಕು ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಊದಿದರೆ "ಯಾಕೆ ಮಿಸ್?" ಎನ್ನುತ್ತಿದ್ದರು. ಊದದಿದ್ದರೆ ಜಡೆ ಹಿಡಿದು ಜಗಳ. ಆಫ್‌ಸೈಡ್ ಎಂಬುದೊಂದಿದೆ, ಅದು ನನಗೆ ಇವತ್ತಿಗೂ ಅರ್ಧವೇ ಅರ್ಥವಾಗಿದೆ, ಯಾವ ಅರ್ಧ ಎನ್ನುವುದೂ ಗೊತ್ತಿಲ್ಲ. ಆಗ ನಮ್ಮೂರಿನ ಕಬಡ್ಡಿ ನೆನಪಾಯಿತು. ಅಲ್ಲಿ ನಮಗೆ ಅಂಪೈರ್ ಇರಲಿಲ್ಲ. ಕಣದ ಗೆರೆಯನ್ನು ಕಡ್ಡಿಯಲ್ಲಿ ಗೀಚಿರುತ್ತಿದ್ದರು, ಎರಡು ಸಲ ಓಡಾಡಿದರೆ ಅಳಿಸಿ ಹೋಗುತ್ತಿತ್ತು. ಮುಟ್ಟಿಸಿಕೊಂಡವಳೇ, ಗೆರೆ ತುಳಿದವಳೇ ಕೈ ಎತ್ತಿ ಎದ್ದು ಹೋಗಬೇಕು. ಅನುಮಾನ ಬಂದರೆ ನೀನೇ ಔಟು. ಇಲ್ಲದಿದ್ದರೆ ನಾಳೆ ನಿನ್ನನ್ನು ಯಾರೂ ಆಟಕ್ಕೆ ಕರೆಯುವುದಿಲ್ಲ.

ಅದನ್ನೇ ಇಲ್ಲಿ ತಂದೆ. ತಪ್ಪು ಯಾರದ್ದೆಂದು ನಿಮಗೇ ಗೊತ್ತಿರುತ್ತದೆ, ನೀವೇ ಕೈ ಎತ್ತಿ, ಒಬ್ಬಳು ಎತ್ತಿದರೆ ಎಲ್ಲರೂ ನಿಲ್ಲಿ ಎಂದೆ. ಜಗಳ ನಿಂತಿತು. ನನ್ನ ಗಂಟಲೂ ಉಳಿಯಿತು. ನಮ್ಮ ಹುಡುಗಿಯರು ಇಡೀ ಸಂಜೆ ಒಂದೂ ಸೀಟಿಯಿಲ್ಲದೆ ಆಡುತ್ತಿದ್ದರು. ದಾರಿಯಲ್ಲಿ ಹೋಗುವವರಿಗೆ ಅದೊಂದು ವಿಚಿತ್ರ. ಓಡುತ್ತಿದ್ದವರೆಲ್ಲ ಇದ್ದಕ್ಕಿದ್ದ ಹಾಗೆ ಕಲ್ಲಾಗಿ ನಿಲ್ಲುತ್ತಿದ್ದರು, ನಡುವೆ ಒಬ್ಬಳು ಕೈ ಎತ್ತಿಕೊಂಡು.

ನಮ್ಮ ಮೊದಲ ಕ್ಯಾಪ್ಟನ್ ಶಶಿಕಲಾ. ಮಾತು ಜೋರು, ಹಿಡಿತ ಇನ್ನೂ ಜೋರು. ಓದು ಮುಗಿಸಿ ಅವಳೂ ದೈಹಿಕ ಶಿಕ್ಷಣದ ಮೇಡಂ ಆಗಿ ಕುಣಿಗಲ್‌ನ ಒಂದು ಕಾಲೇಜಿಗೆ ಸೇರಿದಳು. ಸೇರಿದ ವರ್ಷವೇ ರಗ್ಬಿ ಟೀಮು ಕಟ್ಟಿದಳು. ಹೇಗೆ ಕಲಿತಿದ್ದಳೋ ಹಾಗೇ ಕಲಿಸಿದಳು, ಕೈ ಎತ್ತುವುದನ್ನೂ ಸೇರಿಸಿ. ಅಲ್ಲಿಂದ ವರ್ಷಕ್ಕೊಂದು ಮ್ಯಾಚು, ತುಮಕೂರು ಕುಣಿಗಲ್ ಮ್ಯಾಚು ಎಂದೇ ಹೆಸರಾಯಿತು. ಆಡುವುದು ಗುಬ್ಬಿಯ ಮೈದಾನದಲ್ಲಿ. ಇಬ್ಬರಿಗೂ ಸಮನಾಗಿರಲಿ ಎಂದು ಯಾರೋ ಹಾಗೆ ಗೊತ್ತು ಮಾಡಿದ್ದರಂತೆ. ಅವರು ನಕ್ಷೆ ನೋಡಿದವರಲ್ಲ. ಕುಣಿಗಲ್‌ನವರು ಬಸ್ಸಿನಲ್ಲಿ ತುಮಕೂರಿಗೆ ಬಂದು ಇಳಿದು, ನಮ್ಮ ಜೊತೆಯಲ್ಲೇ ಗುಬ್ಬಿ ಬಸ್ಸು ಹತ್ತಬೇಕು. ಹಾಗಾಗಿ ಪ್ರತಿ ವರ್ಷವೂ ಎರಡು ಟೀಮೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಮ್ಯಾಚು ಬಸ್ಸಿನಲ್ಲೇ ಶುರುವಾಗುತ್ತಿತ್ತು. "ಏನ್ರೇ, ಈ ಸಲನೂ ಟಿಕೆಟ್ ದುಡ್ಡು ದಂಡ ಮಾಡ್ಕೊಳಕ್ಕೆ ಬಂದ್ರಾ" ಎಂದು ನಮ್ಮವರು. "ಕಪ್ ಮನೇಲೇ ಬಿಟ್ಟು ಬಂದಿದೀರಾ, ನಮಗೆ ಕೊಡಕ್ಕೆ ತಂದಿದೀರಾ, ನೋಡ್ಕೊಳ್ರೇ" ಎಂದು ಅವರು. ಕಂಡಕ್ಟರ್ ಒಂದು ವರ್ಷ ಇಬ್ಬರಿಗೂ ನಡುವೆ ನಿಂತು, ನಾನೇ ರೆಫರಿ, ಬಾಯಿ ಬಿಟ್ಟವಳನ್ನು ದಾರಿಯಲ್ಲೇ, ಹೇರೂರಲ್ಲಿ ಇಳಿಸ್ತೀನಿ ಎಂದಿದ್ದ.

ಬಸ್ಸಿನಲ್ಲಿ ಅಷ್ಟು ಹಾರಾಟ, ಮೈದಾನದಲ್ಲಿ ಮಾತ್ರ ಪ್ರತಿ ಸಲವೂ ನಾವೇ. ಅವರು ಹತ್ತಿರ ಹತ್ತಿರ ಬಂದು ಸೋಲುತ್ತಿದ್ದರು. ಶಶಿಕಲಾ ಮ್ಯಾಚು ಮುಗಿದ ಮೇಲೆ ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ತಿಂದು, ಮುಂದಿನ ವರ್ಷ ನೋಡ್ಕೊಳ್ಳಿ ಮಿಸ್ ಎಂದು ಹೋಗುತ್ತಿದ್ದಳು.

ಕೊರೊನಾ ಕಳೆದು ಕಾಲೇಜು ಮತ್ತೆ ಸರಿಹೋದ ಮೇಲಿನ ಒಂದು ವರ್ಷ. ಬಸ್ಸಿನಲ್ಲಿ ಶಶಿಕಲಾ ನನ್ನ ಪಕ್ಕದಲ್ಲೇ ಕುಳಿತಳು. ಯಾವಾಗಲೂ ತನ್ನ ಹುಡುಗಿಯರ ಜೊತೆ ಹಿಂದೆ ಕೂರುವವಳು. ನಮ್ಮ ಮುಂದಿನ ಸೀಟಿನಲ್ಲಿ ಕೋರ ಊರಿನ ಕಾವ್ಯ ಇದ್ದಳು, ನಮ್ಮ ಟೀಮಿನ ಓಟಗಾತಿ. ಅವಳು ಕಡ್ಲೆಕಾಯಿ ಸುಲಿದು ಸಿಪ್ಪೆಯನ್ನು ಮತ್ತೆ ಅದೇ ಪೊಟ್ಟಣಕ್ಕೆ ಹಾಕುತ್ತಾ ಕಿಟಕಿ ನೋಡುತ್ತಿದ್ದಳು. ಮಾತು ಕಡಿಮೆಯ ಹುಡುಗಿ.

ಬಸ್ಸು ಹೊರಟ ಮೇಲೆ ಶಶಿಕಲಾ, "ಮಿಸ್, ಈ ಸಲನೂ ಸೋತ್ರೆ ನಮ್ ಟೀಮು ಇರಲ್ಲ" ಎಂದಳು. ಅವರ ಆಡಳಿತ ಮಂಡಳಿಯವರು ಕರೆದು ಹೇಳಿದ್ದರಂತೆ. ಗೆಲ್ಲದ ಆಟಕ್ಕೆ ಇಷ್ಟು ದೊಡ್ಡ ಜಾಗ ಯಾಕೆ, ಮುಂದಿನ ವರ್ಷದಿಂದ ಮೈದಾನದಲ್ಲಿ ಕಾಲೇಜ್ ಬಸ್ಸು ನಿಲ್ಲಿಸುತ್ತೇವೆ, ಹುಡುಗಿಯರಿಗೆ ಬೇಕಾದರೆ ಒಳಗೆ ಕೇರಂ ಆಡಿಸಿ ಅಂತ. ಅವಳ ಟೀಮಿನಲ್ಲಿ ಮೂರ್ನಾಲ್ಕು ಜನರನ್ನು ಮನೆಯವರು ಈ ಆಟದ ನೆಪದಲ್ಲೇ ಕಾಲೇಜಿಗೆ ಕಳಿಸುತ್ತಿದ್ದರು, ಯೂನಿವರ್ಸಿಟಿ ಟೀಮಿಗೆ ಹೋದರೆ ಪೊಲೀಸ್ ನೌಕರಿಗೆ ಅನುಕೂಲ ಎಂಬ ಆಸೆಯ ಮೇಲೆ. ಟೀಮು ನಿಂತರೆ ಅವರ ಓದೂ ನಿಲ್ಲುತ್ತದೆ.

ನೋಡೋಣ ಬಿಡು ಎಂದೆ.

"ಬಿಟ್ಕೊಡಿ ಅಂತ ಹೇಳ್ತಿಲ್ಲ ಮಿಸ್. ನಿಮಗೆ ಗೊತ್ತಿರಲಿ ಅನ್ನಿಸ್ತು, ಅಷ್ಟೇ."

ಗುಬ್ಬಿ ಬರುವವರೆಗೆ ನನ್ನ ತಲೆಯಲ್ಲಿ ಗಿರಣಿ ತಿರುಗುತ್ತಿತ್ತು. ಕಾವ್ಯಳನ್ನು ಹೊರಗೆ ಕೂರಿಸಿದರೆ ಕುಣಿಗಲ್‌ನವರಿಗೆ ಅನುಕೂಲ, ಆದರೆ ಅದು ಮೋಸ. ಕೂರಿಸದಿದ್ದರೆ ನಾನೇ ಹುಟ್ಟಿಸಿದ ಟೀಮಿನ ಮಗಳಂಥ ಟೀಮನ್ನು ನಾನೇ ಮುಚ್ಚಿಸಿದ ಹಾಗೆ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ. ಕೊನೆಗೆ ಯಾವುದೂ ತೋಚದೆ, ದಿನಾ ಮಾಡುವ ಕೆಲಸ ಮಾಡಿದೆ. ಉಗುರು ನೋಡಿದೆ, ಬಳೆ ಬಿಚ್ಚಿಸಿದೆ, ಎಂದಿನ ಏಳು ಜನರನ್ನೇ ಇಳಿಸಿದೆ. ಕಾವ್ಯಳಿಗೆ ಮಾತ್ರ ಲೇಸ್ ಬಿಗಿ ಕಟ್ಟಿಕೋ ಎಂದೆ. ಬೇರೆ ಏನನ್ನೂ ಹೇಳಿದ ನೆನಪಿಲ್ಲ.

ರೆಫರಿ ಬೆಂಗಳೂರಿನಿಂದ ಬಂದ ಯುವಕ. ಪಕ್ಕದ ಗೆರೆ ಕಾಯಲು ಒಂದೊಂದು ಕಾಲೇಜಿನಿಂದ ಒಬ್ಬೊಬ್ಬರು ಬಾವುಟ ಹಿಡಿದು ನಿಲ್ಲುವುದು ಪದ್ಧತಿ. ಆ ಬದಿ ಶಶಿಕಲಾ, ಈ ಬದಿ ನಾನು. ಚೆಂಡು ಹಿಡಿದವಳ ಕಾಲು ಗೆರೆಗೆ ತಗುಲಿದರೆ ಬಾವುಟ ಎತ್ತಬೇಕು, ಚೆಂಡು ಎದುರಿನವರಿಗೆ ಹೋಗುತ್ತದೆ. ಇದೊಂದು ನಿಯಮ ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಕಬಡ್ಡಿಯದ್ದೇ ಆದ್ದರಿಂದ.

ಅವತ್ತು ಕುಣಿಗಲ್ ಹುಡುಗಿಯರು ಬೇರೆಯೇ ಆಗಿದ್ದರು. ಅವರಿಗೂ ವಿಷಯ ಗೊತ್ತಿತ್ತಲ್ಲ. ಬಿದ್ದರೆ ಏಳುವ ಮೊದಲೇ ಹಿಡಿಯುತ್ತಿದ್ದರು. ಆಟ ಮುಗಿಯುತ್ತಾ ಬಂದಾಗ ಅವರು ಎರಡು ಪಾಯಿಂಟ್ ಮುಂದಿದ್ದರು. ಗುಬ್ಬಿಯ ಜನ ಯಾರ ಕಡೆಯೂ ಅಲ್ಲದವರು, ಅವರೂ ಎದ್ದು ನಿಂತಿದ್ದರು.

ಆಗ ಚೆಂಡು ಕಾವ್ಯಳ ಕೈಗೆ ಬಂತು, ನನ್ನ ಬದಿಯ ಗೆರೆಯ ಹತ್ತಿರ. ಅವಳು ಹೊರಟಳು. ಮುಂದೆ ಯಾರೂ ಇಲ್ಲ. ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಪಾಯಿಂಟ್, ಗೆಲುವು ನಮ್ಮದು. ನಾನೂ ಬಾವುಟ ಹಿಡಿದು ಗೆರೆಯ ಪಕ್ಕ ಓಡಿದೆ. ನನ್ನ ಮೊಣಕಾಲು ಎಲ್ಲಿ, ಅವಳ ಓಟ ಎಲ್ಲಿ. ನಾನು ತುಂಬಾ ಹಿಂದೆ ಬಿದ್ದೆ. ಅವಳ ಬೆನ್ನು ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ.

ಕೊನೆಯ ಗೆರೆಗೆ ಇನ್ನು ನಾಲ್ಕಾರು ಹೆಜ್ಜೆ ಇದೆ ಎನ್ನುವಾಗ ಅವಳು ನಿಂತಳು. ಚೆಂಡನ್ನು ನೆಲದ ಮೇಲಿಟ್ಟಳು. ಕೈ ಎತ್ತಿದಳು.

ಬೆನ್ನಟ್ಟಿ ಬರುತ್ತಿದ್ದ ಕುಣಿಗಲ್ ಹುಡುಗಿಯರು ನಿಂತರು. ನಮ್ಮವರೂ ನಿಂತರು. ಸೀಟಿ ಊದಿಲ್ಲ, ಬಾವುಟ ಎತ್ತಿಲ್ಲ, ಮೈದಾನದ ತುಂಬಾ ಹುಡುಗಿಯರು ಕಲ್ಲಾಗಿ ನಿಂತಿದ್ದಾರೆ, ಚೆಂಡು ಯಾರದ್ದೂ ಅಲ್ಲದ ಹಾಗೆ ಹುಲ್ಲಿನ ಮೇಲೆ ಬಿದ್ದಿದೆ. ರೆಫರಿ ಸುತ್ತ ತಿರುಗಿ ನೋಡಿದರು. ಪಾಪ, ಅವರಿಗೆ ಎಲ್ಲರಿಗೂ ಒಟ್ಟಿಗೆ ಏನೋ ಆಯಿತು ಅನ್ನಿಸಿರಬೇಕು. ಆಟ ನಿಂತಿಲ್ಲ, ಆಡಿ, ಆಡಿ ಎಂದು ಕೂಗಿದರು. ಒಬ್ಬಳೂ ಅಲ್ಲಾಡಲಿಲ್ಲ. ಕುಣಿಗಲ್ ಕ್ಯಾಪ್ಟನ್ ಸೊಂಟದ ಮೇಲೆ ಕೈಯಿಟ್ಟು, ಅವಳು ಔಟು ಸಾರ್, ಕೈ ಎತ್ತಿದಾಳಲ್ಲ, ಕಾಣಲ್ವಾ ಎಂದಳು.

ರೆಫರಿ ನನ್ನ ಹತ್ತಿರ ಬಂದರು. "ಮೇಡಂ, ಕಾಲು ಗೆರೆಗೆ ತಗುಲ್ತಾ?"

"ನನಗೆ ಕಾಣಲಿಲ್ಲ ಸಾರ್."

"ತಗುಲಿಲ್ಲ ಅಂತಾನಾ?"

"ಅದೂ ಕಾಣಲಿಲ್ಲ."

ನನ್ನ ಜೀವನದಲ್ಲಿ ಅಷ್ಟು ಸತ್ಯವಾದ ಮಾತನ್ನು ಅಷ್ಟು ಅವಮಾನದಿಂದ ಹೇಳಿದ್ದಿಲ್ಲ. ಅವರು ನಮ್ಮ ಹುಡುಗಿಯರನ್ನು ಕೇಳಿದರು. ನಮ್ಮವರೂ ಔಟು ಎಂದರು. ಇಡೀ ಮೈದಾನ ಔಟು ಎನ್ನುತ್ತಿರುವಾಗ ಒಬ್ಬರೇ ಏನು ಮಾಡುತ್ತಾರೆ. ಚೆಂಡನ್ನು ಕುಣಿಗಲ್‌ನವರಿಗೆ ಕೊಟ್ಟರು. ಅವರು ಒಳಗೆ ಎಸೆದು, ಹಿಡಿದು, ಹೊತ್ತು ಮುಗಿದಿದ್ದರಿಂದ ಹೊರಗೆ ಒದ್ದರು. ಕೊನೆಯ ಸೀಟಿ. ಗುಬ್ಬಿಯಲ್ಲಿ ನಾವು ಮೊದಲ ಸಲ ಸೋತಿದ್ದೆವು.

ಎಲ್ಲರೂ ನೀರಿನ ಕ್ಯಾನಿನ ಹತ್ತಿರ ಹೋದ ಮೇಲೆ ನಾನು ಒಬ್ಬಳೇ ಆ ಜಾಗಕ್ಕೆ ಹೋಗಿ ಸುಣ್ಣದ ಗೆರೆ ನೋಡಿದೆ. ಬಸ್ಸಿಳಿದು ಬಂದು ನಾನೇ ಎಳೆದಿದ್ದ ಗೆರೆ. ಅಲ್ಲಿ ಅಳಿಸಿತ್ತು. ಅಲ್ಲಿ ಮಾತ್ರವಲ್ಲ, ಉದ್ದಕ್ಕೂ ಅಳಿಸಿತ್ತು. ನೋಡಲು ಬಂದವರ ಚಪ್ಪಲಿ ಗುರುತು, ಸೈಕಲ್ ಚಕ್ರದ ಗುರುತು, ಒಂದು ಕಡೆ ಹಸುವಿನ ಗೊರಸು. ಅದರೊಳಗೆ ಕಾವ್ಯಳ ಶೂ ಯಾವುದೆಂದು ಹೇಗೆ ಹೇಳುವುದು.

ಬಗ್ಗಿ ನೋಡುತ್ತಿದ್ದಾಗ ಹಿಂದೆ ಶಶಿಕಲಾ ಬಂದು ನಿಂತಳು. ಗೆದ್ದವಳ ಮುಖ ಅಲ್ಲ ಅದು.

"ನೀವು ಹೇಳ್ಕೊಟ್ರಾ ಮಿಸ್?"

"ಏನನ್ನ?"

"ನಾನು ಬಸ್ಸಲ್ಲಿ ಹೇಳ್ದೆ. ನೀವು ಅವಳಿಗೆ ಹೇಳಿ ಕೈ ಎತ್ತಿಸಿದ್ರಿ. ನಾನು ಭಿಕ್ಷೆ ಕೇಳಿರಲಿಲ್ಲ."

ಇಲ್ಲ ಕಣೇ ಎಂದೆ. ದೇವರಾಣೆ ಎಂದೆ. ಲೇಸ್ ಕಟ್ಟಿಕೋ ಎಂದದ್ದು ಬಿಟ್ಟರೆ ಏನೂ ಹೇಳಿಲ್ಲ ಎಂದೆ. ಅವಳು ನಂಬಲಿಲ್ಲ. ಅವಳ ಹುಡುಗಿಯರು ಆಚೆ ಕಡೆ ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯುತ್ತಿದ್ದರು. ಅವರ ಕಡೆ ಒಮ್ಮೆ ನೋಡಿ, ಅವರಿಗೆ ಇದನ್ನೆಲ್ಲ ಹೇಳಬೇಡಿ ಎಂದು ಹೊರಟು ಹೋದಳು. ಚಿತ್ರಾನ್ನ ಅವತ್ತು ಹಾಗೇ ಮನೆಗೆ ಬಂತು.

ವಾಪಸ್ ಬಸ್ಸಿನಲ್ಲಿ ನಾನು ಕಾವ್ಯಳ ಪಕ್ಕ ಕುಳಿತೆ. ಕಾಲು ಬಿತ್ತೇನಮ್ಮ ಎಂದು ಕೇಳಿದೆ.

"ಬಿತ್ತು ಅನ್ನಿಸ್ತು ಮಿಸ್."

"ಬಿತ್ತೋ, ಅನ್ನಿಸ್ತೋ?"

"ಅನ್ನಿಸಿದ್ರೆ ಎತ್ಬೇಕಲ್ವಾ. ನೀವೇ ಹೇಳಿರೋದು."

ಅವಳು ಕಡ್ಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದಳು. ತೆಗೆದುಕೊಂಡೆ. ಅರ್ಧ ಸಿಪ್ಪೆಯೇ ಇತ್ತು.

ಮಾರನೇ ದಿನ ಪ್ರಿನ್ಸಿಪಾಲರು ಕರೆದರು. ಕೈ ಎತ್ತುವ ನಿಯಮ ಯಾವ ಪುಸ್ತಕದಲ್ಲಿದೆ ಎಂದರು. ಯಾವುದರಲ್ಲೂ ಇಲ್ಲ ಎಂದೆ. ಮತ್ತೆ ಯಾಕೆ ಕಲಿಸಿದಿರಿ ಎಂದರು. ಯಾವಾಗ ಸೀಟಿ ಊದಬೇಕೆಂದು ನನಗೆ ತಿಳಿಯುತ್ತಿರಲಿಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದೆ ಕಪ್‌ಗಳ ಸಾಲು.

"ಹಾಗಾದ್ರೆ ಇಷ್ಟು ವರ್ಷ ಗೆದ್ದಿದ್ದು ಹೇಗ್ರೀ?"

"ಅದೂ ಗೊತ್ತಿಲ್ಲ ಸಾರ್."

ಅವರಿಗೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಕಪ್‌ಗಳ ಕಡೆ ಒಮ್ಮೆ ತಿರುಗಿ ನೋಡಿ, ಹೋಗಿ ಎಂದರು. ನಾನು ಬಾಗಿಲ ಹತ್ತಿರ ಹೋದಾಗ, ಅರ್ಥಶಾಸ್ತ್ರದಲ್ಲೂ ಹೀಗೇ ಎಂದು ಗೊಣಗಿದ್ದು ಕೇಳಿಸಿತು. ಏನು ಹೀಗೇ ಎಂದು ತಿರುಗಿ ಕೇಳುವ ಧೈರ್ಯವಾಗಲಿಲ್ಲ.

ಕುಣಿಗಲ್ ಟೀಮು ಉಳಿಯಿತು. ಬಸ್ಸುಗಳು ಈಗಲೂ ರಸ್ತೆಯಲ್ಲೇ ನಿಲ್ಲುತ್ತವೆ ಎಂದು ಕೇಳಿದ್ದೇನೆ. ಶಶಿಕಲಾ ಒಂದು ವರ್ಷ ಪೂರ್ತಿ ಫೋನ್ ಮಾಡಲಿಲ್ಲ. ಮುಂದಿನ ಮ್ಯಾಚಿಗೆ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲೇ ಕುಳಿತಳು, ನಮಸ್ಕಾರ ಮಾತ್ರ ಹೇಳಿದಳು. ಆ ಮ್ಯಾಚಿನಲ್ಲಿ ನಾವು ಸೋತೆವು. ಯಾವ ಅನುಮಾನವೂ ಇಲ್ಲದ, ಬಟ್ಟೆ ಒಗೆದ ಹಾಗೆ ಒಗೆಸಿಕೊಂಡ ಸೋಲು. ಮುಗಿದ ಮೇಲೆ ಅವಳು ನೇರವಾಗಿ ಬಂದು ನನ್ನ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಬಳೆಗಳ ಡಬ್ಬಿ ಅದು. "ಊಟದ್ದು ಎಲ್ಲಿ ಮಿಸ್?" ಎಂದಳು. ಕೊಟ್ಟೆ. ತಿನ್ನುತ್ತಾ, "ಈ ಸಲ ಯಾರೂ ಕೈ ಎತ್ತಲಿಲ್ಲ, ನೋಡಿದ್ರಲ್ಲ" ಎಂದಳು. ನೋಡಿದೆ ಎಂದೆ. ಅಷ್ಟಕ್ಕೆ ನಮ್ಮ ಮಾತು ಸರಿಹೋಯಿತು. ಹೋದ ವರ್ಷದ್ದನ್ನು ಅವಳು ನಂಬಿದಳೋ ಇಲ್ಲವೋ, ನಾನು ಕೇಳಲಿಲ್ಲ.

ಆಮೇಲೆ ಕಾಲ ಬದಲಾಯಿತು. ನನ್ನ ಜಾಗಕ್ಕೆ ಬಂದ ಹುಡುಗ ಜಾಣ, ನಿಯಮದ ಪುಸ್ತಕವನ್ನು ಅರೆದು ಕುಡಿದಿದ್ದಾನೆ. ಮೈದಾನದಲ್ಲಿ ಬಣ್ಣಬಣ್ಣದ ಕೋನ್ ಇಡುತ್ತಾನೆ, ಮೊಬೈಲಿನಲ್ಲಿ ವಿಡಿಯೋ ಹಿಡಿದು ನಿಧಾನ ಮಾಡಿ ತೋರಿಸುತ್ತಾನೆ. ಬಂದ ವಾರವೇ ಹುಡುಗಿಯರಿಗೆ, ಕೈ ಎತ್ತುವುದೆಲ್ಲ ಬೇಡ, ಸೀಟಿ ಊದುವವರೆಗೂ ಆಡಿ, ತಪ್ಪು ನೋಡುವುದು ರೆಫರಿ ಕೆಲಸ ಎಂದ. ಅವನು ಹೇಳುವುದು ಸರಿ. ಹೊಸದಾಗಿ ಸೇರುವವರು ಅವನ ಹಾಗೇ ಕಲಿಸಿ. ನಾನು ಕಲಿಸಿದ್ದು ನನಗೆ ಗೊತ್ತಿಲ್ಲದ್ದಕ್ಕೆ ಹಚ್ಚಿದ ತೇಪೆ.

ಈ ವರ್ಷ ಗುಬ್ಬಿ ಮ್ಯಾಚಿಗೆ ನೋಡುವವಳಾಗಿ ಹೋಗಿದ್ದೆ. ಕಾವ್ಯ ಈಗ ನಿಟ್ಟೂರಿನಲ್ಲಿ ಒಂದು ಶಾಲೆಯಲ್ಲಿ ಆಟದ ಟೀಚರ್. ಸ್ಕೂಟಿಯಲ್ಲಿ ಬಂದಿದ್ದಳು. ಗೆರೆಯ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತೆವು, ಹೆಚ್ಚು ಕಮ್ಮಿ ಅದೇ ಜಾಗದಲ್ಲಿ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅವತ್ತು ಕೇಳಿದೆ. ಆ ದಿನ ಬಸ್ಸಿನಲ್ಲಿ ಶಶಿಕಲಾ ನನ್ನ ಹತ್ತಿರ ಹೇಳಿದ್ದು ನಿನಗೆ ಕೇಳಿಸಿತ್ತಾ ಎಂದು.

"ಕೇಳಿಸ್ತು ಮಿಸ್. ಇಡೀ ಬಸ್ಸಿಗೇ ಕೇಳಿಸ್ತು. ನಿಮ್ಮಿಬ್ಬರದೂ ಗ್ರೌಂಡಿನ ಗಂಟಲು."

"ಅದಕ್ಕೇ ಎತ್ತಿದ್ಯಾ?"

"ಅದೇ ಮಿಸ್ ನಂಗೂ ಗೊತ್ತಾಗದೆ ಇರೋದು. ಓಡ್ತಾ ಇದ್ದೆ. ಆಮೇಲೆ ನೋಡಿದ್ರೆ ಕೈ ಮೇಲಿತ್ತು."

ಅಷ್ಟರಲ್ಲಿ ಜನ ಕೂಗಿದರು. ನಮ್ಮ ಕಾಲೇಜಿನ ಒಬ್ಬ ಹುಡುಗಿ ಚೆಂಡು ಹಿಡಿದು ನಮ್ಮ ಮುಂದೆಯೇ ಗೆರೆ ಹಿಡಿದು ಓಡಿ ಬರುತ್ತಿದ್ದಳು. ನಮ್ಮ ಕುರ್ಚಿಯ ಎದುರಿಗೇ ಅವಳ ಎಡಗಾಲು ಗೆರೆಯ ಮೇಲೆ ಬಿತ್ತು. ಈ ಸಲ ಚೆನ್ನಾಗಿ ಕಂಡಿತು. ಸುಣ್ಣದ ಪುಡಿ ಎದ್ದು ನನ್ನ ಸೀರೆಯ ಅಂಚಿಗೆ ಬಂತು. ಬಾವುಟದವನು ಹಿಂದೆಲ್ಲೋ ಓಡಿ ಬರುತ್ತಿದ್ದ. ಸೀಟಿ ಇಲ್ಲ. ಅವಳು ನಿಲ್ಲಲಿಲ್ಲ, ಯಾಕೆ ನಿಲ್ಲಬೇಕು, ಕಲಿಸಿದ್ದೇ ಹಾಗೆ. ಹೋಗಿ ಚೆಂಡು ಒತ್ತಿದಳು. ತುಮಕೂರು ಗೆದ್ದಿತು. ಸುತ್ತಲೂ ಚಪ್ಪಾಳೆ. ನಾನೂ ತಟ್ಟಬೇಕಿತ್ತು, ನಮ್ಮ ಕಾಲೇಜು.

ಕ್ಯಾನು ಹಿಡಿದು ಓಡಾಡುತ್ತಿದ್ದ ಟೀ ಮಾರುವವನು ನನ್ನ ಮುಂದೆ ಬಂದು ನಿಂತು, ಎಷ್ಟು ಕೊಡ್ಲಮ್ಮ ಎಂದ. ನಾನು ಕರೆದಿಲ್ಲವಲ್ಲ ಎಂದುಕೊಂಡೆ. ನೋಡಿದರೆ ನನ್ನ ಕೈ ಮೇಲಿತ್ತು. ಇಳಿಸಿಕೊಂಡು ಪಕ್ಕಕ್ಕೆ ತಿರುಗಿದೆ. ಕಾವ್ಯಳ ಕೈಯೂ ಮೇಲೇ ಇತ್ತು. ಅವಳು ಇನ್ನೂ ಆ ಅಳಿಸಿದ ಗೆರೆಯನ್ನೇ ನೋಡುತ್ತಿದ್ದಳು.

ಎರಡು ಕೊಡಪ್ಪ ಎಂದೆ.